ಮನೆಯ ವಿಡಿಯೊ ಟೇಪುಗಳೂ ಪಾಠಸಂರಕ್ಷಣೆಯೂ

೧

ಮನೆಗಳ ಅಲಮಾರುಗಳಲ್ಲಿ, ಅಟ್ಟದ ಮೇಲಣ ರಟ್ಟಿನ ಪೆಟ್ಟಿಗೆಗಳಲ್ಲಿ, ಇಪ್ಪತ್ತು ಮೂವತ್ತು ವರ್ಷಗಳಿಂದ ಯಾರ ಕೈಯೂ ಸೋಕದೆ ಉಳಿದಿರುವ ವಿಡಿಯೊ ಕ್ಯಾಸೆಟ್ಟುಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಮೇಲುನೋಟಕ್ಕೆ ಗೃಹಕೃತ್ಯಕ್ಕೆ ಸೇರಿದ್ದು. ವಿಶ್ವವಿದ್ಯಾಲಯದ ಸಂಶೋಧನ ಸಂಚಿಕೆಯಲ್ಲಿ ಚರ್ಚಿಸತಕ್ಕ ವಿಷಯ ಇದಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಒಂದು ಕಾಲದ ಜನರ ನಡೆ, ನುಡಿ, ಉಡಿಗೆ, ಹಾಡು, ಹಾಸ್ಯ ಇವುಗಳು ಯಾರ ಪ್ರಯತ್ನವೂ ಇಲ್ಲದೆ ಒಂದೆಡೆ ಸಂಗ್ರಹವಾಗಿ, ಈಗ ಯಾರ ಗಮನಕ್ಕೂ ಬಾರದೆ ನಾಶವಾಗುತ್ತಿರುವುದಾದರೆ, ಅದು ಸಾಹಿತ್ಯ ಸಂಸ್ಕೃತಿಗಳ ವಿದ್ಯಾರ್ಥಿಗೆ ಹೊರಗಿನ ವಿಷಯವಾಗಲಾರದು.

ಈ ಪ್ರಶ್ನೆಗೆ ರೂಢಿಯಲ್ಲಿರುವ ಉತ್ತರಗಳು ಮೂರು. ಮೊದಲನೆಯದು, ಇದ್ದಲ್ಲಿಯೇ ಇರಲಿ ಎಂಬುದು. ಎರಡನೆಯದು, ನೋಡಲು ಯಂತ್ರವೇ ಇಲ್ಲವಾದ ಮೇಲೆ ಇಟ್ಟುಕೊಂಡು ಫಲವೇನು, ಬಿಸಾಡೋಣ ಎಂಬುದು. ಮೂರನೆಯದು ಇವೆರಡಕ್ಕಿಂತ ವಿವೇಕಯುತವಾಗಿ ಕಾಣುತ್ತದೆ: ಒಳ್ಳೆಯ ಭಾಗಗಳನ್ನು ಆರಿಸಿ, ಬೇಸರದ ಭಾಗಗಳನ್ನು ಕತ್ತರಿಸಿ, ಹಿನ್ನೆಲೆಗೆ ಇಂಪಾದ ಸಂಗೀತವನ್ನು ಕೂಡಿಸಿ, ಹತ್ತು ನಿಮಿಷದ ಚಿತ್ರವೊಂದನ್ನು ಮಾಡಿಕೊಂಡು, ಮೂಲವನ್ನು ತ್ಯಜಿಸಬಹುದು ಎಂಬುದು. ಮೊದಲೆರಡು ಉತ್ತರಗಳ ದೋಷ ಎಲ್ಲರಿಗೂ ತಿಳಿಯುವಂಥದು. ಮೂರನೆಯದರ ದೋಷ ಸೂಕ್ಷ್ಮವಾದದ್ದು. ಆದಕಾರಣವೇ ಹೆಚ್ಚು ಅಪಾಯಕರವಾದದ್ದು. ಮನೆಯ ಟೇಪು ಒಂದು ಕೃತಿಯಲ್ಲ, ಒಂದು ಪ್ರತಿ. ಅದನ್ನು ರಸಿಕನಾಗಿ ತಿದ್ದುವುದಕ್ಕೆ ಮೊದಲು ಗ್ರಂಥಸಂಪಾದಕನಾಗಿ ಕಾಯಬೇಕು, ಎಂಬುದೇ ಪ್ರಕೃತ ಲೇಖನದ ವಾದ.

೨

ಮೊದಲು ವಸ್ತುವಿನ ಸ್ವರೂಪವನ್ನು ನೋಡೋಣ. ವಿಡಿಯೊ ಟೇಪೆಂದರೆ ಪಾಲಿಯೆಸ್ಟರಿನ ತೆಳುವಾದ ಪಟ್ಟಿಯ ಮೇಲೆ ಕಾಂತಗುಣವುಳ್ಳ ಸೂಕ್ಷ್ಮ ಕಣಗಳನ್ನು ಒಂದು ಬಗೆಯ ಅಂಟಿನಿಂದ ಹಿಡಿಸಿದ ವಸ್ತು. ಚಿತ್ರವೂ ಧ್ವನಿಯೂ ಈ ಕಣಗಳ ಜೋಡಣೆಯಲ್ಲಿ ಅಡಗಿರುತ್ತವೆ. ಸೋನಿ ಸಂಸ್ಥೆಯ ಬೀಟಾಮ್ಯಾಕ್ಸ್ ೧೯೭೫ರಲ್ಲಿಯೂ, ಜೆ.ವಿ.ಸಿ. ಸಂಸ್ಥೆಯ ವಿ.ಎಚ್.ಎಸ್. ೧೯೭೬ರಲ್ಲಿಯೂ ಹೊರಬಂದುವು. ಎರಡರ ಪಟ್ಟಿಯ ಅಗಲವೂ ಅರ್ಧ ಅಂಗುಲ. ಅಂಗೈಯಲ್ಲಿ ಹಿಡಿಯುವ ಕ್ಯಾಮೆರಾಗಳಿಗೆ ತಕ್ಕ ಎಂಟು ಮಿಲಿಮೀಟರಿನ ಟೇಪು ೧೯೮೫ರಲ್ಲಿಯೂ, ಅಂಕೀಯ ರೀತಿಯ ಮಿನಿ-ಡಿ.ವಿ. ೧೯೯೫ರಲ್ಲಿಯೂ ಬಂದುವು. ಮುಂದೆ ಹತ್ತು ಹದಿನೈದು ವರ್ಷಗಳಲ್ಲಿ ಟೇಪಿನ ಯುಗವೇ ಮುಗಿಯಿತು. ಹೀಗೆ ಒಟ್ಟಿನಲ್ಲಿ ಸುಮಾರು ಮೂರು ಮೂರೂವರೆ ದಶಕಗಳ ಒಂದು ಕಾಲಖಂಡ ಈ ಟೇಪುಗಳಲ್ಲಿದೆ.

ಈ ವಸ್ತು ಅಲ್ಪಾಯು. ಅಂಟು ಗಾಳಿಯ ತೇವವನ್ನು ಹೀರಿ ಸಡಿಲವಾಗುತ್ತದೆ. ಕಣಗಳು ಉದುರಿ ಯಂತ್ರದ ಓದುಮುಖಕ್ಕೆ ಮೆತ್ತಿಕೊಳ್ಳುತ್ತವೆ. ಕಾಂತಸಂಕೇತ ಕ್ರಮೇಣ ಮಂಕಾಗುತ್ತದೆ. ಮಲೆನಾಡು ಕರಾವಳಿಗಳಂಥ ತೇವದ ಸೀಮೆಯಲ್ಲಿ ಸುರುಳಿಯ ಅಂಚಿನಲ್ಲಿ ಬೂಷ್ಟು ಬೆಳೆಯುತ್ತದೆ. ಬೂಷ್ಟು ಹಿಡಿದ ಟೇಪನ್ನು ಹಾಗೆಯೇ ಯಂತ್ರಕ್ಕೆ ಹಾಕಿದರೆ ಅದು ತಾನು ಕೆಡುವುದಲ್ಲದೆ ಯಂತ್ರವನ್ನೂ, ಆ ಯಂತ್ರದ ಮೂಲಕ ಮುಂದಿನ ಟೇಪನ್ನೂ ಕೆಡಿಸುತ್ತದೆ.

ಇದಕ್ಕಿಂತ ಗುರುತರವಾದ ತೊಡಕು ಬೇರೊಂದಿದೆ. ತಾಳೆಯೋಲೆಯನ್ನು ಓದಲು ಕಣ್ಣೂ ಲಿಪಿಜ್ಞಾನವೂ ಸಾಕು. ಟೇಪನ್ನು ಓದಲು ಅದಕ್ಕೆಂದೇ ಮಾಡಿದ ಯಂತ್ರ ಬೇಕು. ಸೋನಿ ಸಂಸ್ಥೆ ಬೀಟಾಮ್ಯಾಕ್ಸ್ ಯಂತ್ರಗಳ ತಯಾರಿಕೆಯನ್ನು ೨೦೦೨ರಲ್ಲಿಯೂ ಕ್ಯಾಸೆಟ್ಟುಗಳ ಮಾರಾಟವನ್ನು ೨೦೧೬ರಲ್ಲಿಯೂ ನಿಲ್ಲಿಸಿತು. ವಿ.ಎಚ್.ಎಸ್. ಯಂತ್ರಗಳನ್ನು ಕೊನೆಯವರೆಗೂ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಸಂಸ್ಥೆಯೂ ೨೦೧೬ರ ಜುಲೈನಲ್ಲಿ ಆ ಕಾರ್ಯವನ್ನು ಕೈಬಿಟ್ಟಿತು. ಆಸ್ಟ್ರೇಲಿಯದ ರಾಷ್ಟ್ರೀಯ ಚಲನಚಿತ್ರ ಮತ್ತು ಧ್ವನಿ ಭಂಡಾರ ೨೦೧೫ರಲ್ಲಿ ಒಂದು ಎಚ್ಚರಿಕೆಯ ಪತ್ರವನ್ನು ಪ್ರಕಟಿಸಿ, ೨೦೨೫ನೆಯ ವರ್ಷವನ್ನು ಟೇಪುಗಳ ಪಾಲಿನ ಗಡುವೆಂದು ಸೂಚಿಸಿತು. ಅಂದಿನ ಮಾರನೆಯ ದಿನ ಎಲ್ಲ ಟೇಪುಗಳೂ ಪುಡಿಯಾಗುವುವೆಂದು ಇದರ ಅಭಿಪ್ರಾಯವಲ್ಲ. ಯಂತ್ರ, ಬಿಡಿಭಾಗ, ಯಂತ್ರವನ್ನು ರಿಪೇರಿ ಮಾಡಬಲ್ಲ ಕೈ, ಈ ಮೂರೂ ಏಕಕಾಲದಲ್ಲಿ ದುರ್ಲಭವಾಗುವುವೆಂದು ಅಭಿಪ್ರಾಯ. ಯುನೆಸ್ಕೊದ ಆಶ್ರಯದಲ್ಲಿ ೨೦೧೯ರಲ್ಲಿ ಆರಂಭವಾದ ಕಾಂತಟೇಪು ಎಚ್ಚರಿಕೆಯ ಯೋಜನೆಯೂ ಇದೇ ಮಾತನ್ನು ಜಗತ್ತಿನ ಸಂಗ್ರಹಾಲಯಗಳ ಮುಂದಿಟ್ಟಿತು. ಆ ಗಡುವು ಬಂದುಹೋಗಿದೆ. ಉಳಿದಿರುವುದು ಕೃಪೆಯ ಕಾಲ.

೩

ಟೇಪನ್ನು ಪ್ರತಿಯೆಂದು ಕರೆಯುವುದು ಬರಿಯ ಉಪಮೆಯಲ್ಲ. ಹಸ್ತಪ್ರತಿಗಳನ್ನು ಕುರಿತು ನಮ್ಮ ಹಿರಿಯ ವಿದ್ವಾಂಸರು ಸಿದ್ಧಪಡಿಸಿದ ಶಾಸ್ತ್ರವೊಂದುಂಟು, ಡಿ. ಎಲ್. ನರಸಿಂಹಾಚಾರ್ ಅವರ ‘ಕನ್ನಡ ಗ್ರಂಥಸಂಪಾದನೆ’ (೧೯೬೪) ಆ ಶಾಸ್ತ್ರದ ಆಧಾರಗ್ರಂಥವೆಂಬುದನ್ನು ವಾಚಕರಿಗೆ ನೆನಪು ಮಾಡಬೇಕಾಗಿಲ್ಲ. ಪ್ರತಿಯ ಕಾಲ, ಲಿಪಿಕಾರನ ಕೈವಾಡ, ತ್ರುಟಿತ ಭಾಗ, ಪ್ರಕ್ಷೇಪ, ಪಾಠಾಂತರ ಎಂದು ಅಲ್ಲಿ ಚರ್ಚಿತವಾಗುವ ಸಮಸ್ಯೆಗಳೆಲ್ಲ ಮನೆಯ ಟೇಪಿನಲ್ಲಿ ಒಂದೊಂದಾಗಿ ಎದುರಾಗುತ್ತವೆ.

ಕಾಲನಿರ್ಣಯವನ್ನು ತೆಗೆದುಕೊಳ್ಳೋಣ. ಮನೆಯ ಕ್ಯಾಮೆರಾದ ಚಿತ್ರದ ಮೂಲೆಯಲ್ಲಿ ತಾರೀಖು ಮೂಡಿರುವುದುಂಟು. ಓಲೆಗರಿಯ ಕೊನೆಯ ಪುಷ್ಪಿಕೆಯಂತೆ ಇದು ಸಂಶೋಧಕನಿಗೆ ಸಂತೋಷ ಕೊಡುವ ವಿಷಯವೇ. ಆದರೆ ಕ್ಯಾಮೆರಾದೊಳಗಣ ಗಡಿಯಾರದ ಬ್ಯಾಟರಿ ಮುಗಿದಿದ್ದರೆ, ಅದು ಕಾರ್ಖಾನೆಯಲ್ಲಿ ಕೂಡಿಸಿದ ಮೊದಲ ತಾರೀಖಿಗೆ ಮರಳಿ, ಶ್ರಾವಣಮಾಸದ ಪೂಜೆಯ ಮೇಲೂ ಜನವರಿ ಒಂದೆಂದು ನಮೂದಿಸುತ್ತದೆ. ತಿಂಗಳು ಮೊದಲೋ ದಿನ ಮೊದಲೋ ಎಂಬ ಸಂದೇಹವೂ ಉಂಟು. ಆದುದರಿಂದ ಪುಷ್ಪಿಕೆಯನ್ನು ಕಣ್ಣುಮುಚ್ಚಿ ನಂಬದೆ ಅಂತಸ್ಸಾಕ್ಷ್ಯವನ್ನು ಹುಡುಕಬೇಕು: ಗೋಡೆಯ ಮೇಲಣ ಕ್ಯಾಲೆಂಡರು, ಬೀದಿಯ ಸಿನಿಮಾ ಪೋಸ್ಟರು, ವಾಹನದ ಸಂಖ್ಯೆ, ಮಗುವಿನ ವಯಸ್ಸು.

ಇನ್ನು ಒರಸಿ ಬರೆದ ಪಾಠ. ಕ್ಯಾಸೆಟ್ಟಿನ ಬೆನ್ನಿನ ಒಂದು ಮೂಲೆಯಲ್ಲಿ ಮುರಿಯಲು ಬರುವಂಥ ಪುಟ್ಟ ಪ್ಲಾಸ್ಟಿಕ್ ತುಂಡೊಂದಿರುತ್ತದೆ. ಅದನ್ನು ಮುರಿದರೆ ಆ ಟೇಪಿನ ಮೇಲೆ ಮತ್ತೆ ದಾಖಲೆ ಮಾಡಲಾಗದು. ಬಹುಮಂದಿ ಅದನ್ನು ಮುರಿಯಲಿಲ್ಲ. ಮುರಿದವರೂ ಬೇಕೆನಿಸಿದಾಗ ಆ ಕಿಂಡಿಗೆ ಕಾಗದದ ಪಟ್ಟಿಯನ್ನಂಟಿಸಿ ಮರುಬಳಕೆ ಮಾಡಿದುದುಂಟು. ನಾಮಕರಣದ ಟೇಪಿನ ನಡುವೆ ಥಟ್ಟನೆ ದೂರದರ್ಶನದ ಕ್ರಿಕೆಟ್ ಪಂದ್ಯವೋ ‘ಚಿತ್ರಹಾರ’ವೋ ಕಾಣಿಸಿಕೊಂಡು, ಅದು ಮುಗಿದೊಡನೆ ಹಳೆಯ ನಾಮಕರಣದ ಕೊನೆಯ ಐದು ನಿಮಿಷಗಳು ಮತ್ತೆ ಎದ್ದುಬರುತ್ತವೆ. ಟೇಪನ್ನು ಮೊದಲಿನಿಂದ ಕಡೆಯವರೆಗೆ, ಖಾಲಿಯೆಂದು ತೋರಿದ ಭಾಗವನ್ನೂ ಬಿಡದೆ, ಓಡಿಸಿ ನೋಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಲಿಪಿಕಾರನ ಕೈವಾಡ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಮದುವೆಯ ಟೇಪಿನಲ್ಲಿ. ೧೯೮೨ರ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಲಕ್ಕೆ ದೂರದರ್ಶನದಲ್ಲಿ ವರ್ಣಪ್ರಸಾರ ಆರಂಭವಾಯಿತು. ಆ ದಶಕದಲ್ಲಿ ವಿ.ಸಿ.ಆರ್. ನಮ್ಮ ಪಟ್ಟಣಗಳಿಗೆ ಬಂದು, ಮದುವೆಗೆ ಫೋಟೊ ತೆಗೆಯುತ್ತಿದ್ದ ಸ್ಟುಡಿಯೊದವರೇ ವಿಡಿಯೊವನ್ನೂ ತೆಗೆಯತೊಡಗಿದರು. ಅವರು ಮನೆಯವರ ಕೈಗೆ ಕೊಟ್ಟದ್ದು ಕ್ಯಾಮೆರಾದ ಮೂಲಟೇಪಲ್ಲ; ಅದರಿಂದ ಜೋಡಿಸಿ ತೆಗೆದ ಪ್ರತ್ಯಂತರ. ಮೂಲ ಅನೇಕವೇಳೆ ಮುಂದಿನ ಮದುವೆಗೆ ಬಳಕೆಯಾಯಿತು. ಜೋಡಿಸುವಾಗ ಹೃದಯಾಕಾರದ ಚೌಕಟ್ಟುಗಳನ್ನೂ ಹೂಮಳೆಯನ್ನೂ ಸೇರಿಸಿದರೆಂಬುದು ದೊಡ್ಡ ದೋಷವಲ್ಲ. ಅವು ಆ ಕಾಲದ ಅಭಿರುಚಿಗೆ ಸಾಕ್ಷಿಯಾಗಿ ನಿಲ್ಲಬಲ್ಲವು. ದೊಡ್ಡ ದೋಷವೆಂದರೆ ಮಂಟಪದ ಸಹಜಧ್ವನಿಯನ್ನು ಅಡಗಿಸಿ ಅದರ ಮೇಲೆ ಚಲನಚಿತ್ರ ಗೀತೆಗಳನ್ನು ಹೊದಿಸಿದುದು. ಚಿತ್ರದಲ್ಲಿ ಮುತ್ತೈದೆಯರು ಅರಿಶಿನ ಹಚ್ಚುತ್ತ ಬಾಯಿ ತೆರೆದು ಹಾಡುತ್ತಿರುವುದು ಕಾಣುತ್ತದೆ. ಕಿವಿಗೆ ಬೀಳುವುದು ಹಿನ್ನೆಲೆ ಗಾಯಕರ ಕಂಠ. ಸೋಬಾನೆಯ ಪದವನ್ನು ಬಲ್ಲ ಆ ಹೆಂಗಸರಲ್ಲಿ ಎಷ್ಟೋ ಮಂದಿ ಇಂದಿಲ್ಲ. ಲಿಪಿಕಾರನೊಬ್ಬ ಮೂಲದ ಪದ್ಯವನ್ನು ಕೆರೆದು ತನಗೆ ಬಾಯಿಪಾಠವಾಗಿದ್ದ ಬೇರೊಂದು ಪದ್ಯವನ್ನು ಬರೆದಂತಾಯಿತು ಇದು.

ಆದರೂ ಇಲ್ಲಿ ಸಂಪಾದಕನಿಗೆ ಒಂದು ಆಸೆಯುಂಟು. ಕೆಲವು ವಿ.ಎಚ್.ಎಸ್. ಟೇಪುಗಳಲ್ಲಿ ಧ್ವನಿ ಎರಡು ಕಡೆ ದಾಖಲಾಗಿರುತ್ತದೆ: ಟೇಪಿನ ಅಂಚಿನುದ್ದಕ್ಕೂ ಸಾಗುವ ಸಾಲು ಒಂದು, ಹೈ-ಫೈ ಯಂತ್ರಗಳು ಚಿತ್ರಸಂಕೇತದೊಡನೆಯೇ ಹುದುಗಿಸುವ ಸಾಲು ಇನ್ನೊಂದು. ಚಿತ್ರವನ್ನು ಕೆಡಿಸದೆ ಧ್ವನಿಯನ್ನು ಮಾತ್ರ ಬದಲಿಸುವಾಗ ಬದಲಾಗುವುದು ಅಂಚಿನ ಸಾಲೇ. ಚಿತ್ರದೊಳಗಣ ಸಾಲು ಹಾಗೆಯೇ ಉಳಿಯುತ್ತದೆ. ಆ ಬಗೆಯ ಟೇಪಿನಲ್ಲಿ ಎರಡು ಸಾಲುಗಳನ್ನೂ ಬೇರೆಬೇರೆಯಾಗಿ ಆಲಿಸಿದರೆ ಹೊದಿಕೆಯ ಕೆಳಗಣ ಮೂಲಪಾಠ ದೊರೆಯುವ ಸಂಭವವುಂಟು. ಟೇಪನ್ನು ಬಿಸಾಡಿ ಡಿ.ವಿ.ಡಿ.ಯೊಂದನ್ನು ಮಾತ್ರ ಉಳಿಸಿಕೊಂಡವರಿಗೆ ಈ ಅವಕಾಶವೇ ಇಲ್ಲ.

೪

ಮನೆಯ ಚಿತ್ರಗಳನ್ನು ಕುರಿತು ಪಾಶ್ಚಾತ್ಯ ವಿದ್ವಾಂಸರು ಗಂಭೀರವಾಗಿಯೇ ಚಿಂತಿಸಿದ್ದಾರೆ. ಕುಟುಂಬದ ಛಾಯಾಚಿತ್ರ ಅದರ ಐಕ್ಯವನ್ನು ಮತ್ತೆಮತ್ತೆ ಘೋಷಿಸುವ ಒಂದು ವಿಧಿಯೆಂದು ಫ್ರೆಂಚ್ ಸಮಾಜವಿಜ್ಞಾನಿ ಪಿಯೆರ್ ಬೂರ್ದಿಯು ೧೯೬೫ರಷ್ಟು ಹಿಂದೆಯೇ ಪ್ರತಿಪಾದಿಸಿದನು. ಯಾವುದು ಚಿತ್ರಕ್ಕೆ ತಕ್ಕುದು ಎಂಬುದನ್ನು ತೆಗೆಯುವವನಲ್ಲ, ಅವನ ಸಮುದಾಯ ನಿರ್ಣಯಿಸುತ್ತದೆ ಎಂಬುದು ಆ ವಾದದ ತಿರುಳು. ಅದೇ ದೇಶದ ರೋಜೆ ಓದ್ಯಾಂ ಎಂಬ ವಿದ್ವಾಂಸನ ವಿಚಾರ ಇನ್ನೂ ಸ್ವಾರಸ್ಯವಾದದ್ದು. ಮನೆಯ ಚಿತ್ರ ಅಸ್ತವ್ಯಸ್ತವಾಗಿರುವುದೇ ಅದರ ಗುಣ. ಸುಸಂಬದ್ಧವಾದ ಕಥೆಯನ್ನು ಅದು ಹೇಳಿಬಿಟ್ಟರೆ, ನೋಡುತ್ತ ಕುಳಿತ ಮನೆಯವರು ತಮ್ಮ ನೆನಪುಗಳಿಂದ ಕಥೆಯನ್ನು ತುಂಬಲು ಎಡೆಯೇ ಇರುವುದಿಲ್ಲ, ಎಂದು ಅವನ ಅಭಿಪ್ರಾಯ. ಹತ್ತು ನಿಮಿಷಕ್ಕೆ ಇಳಿಸಿದ ಅಂದವಾದ ಚಿತ್ರ ಮನೆಯವರಿಗೇ ಏಕೆ ಬೇಗ ಬೇಸರವಾಗುತ್ತದೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ. ಆದರೆ ಓದ್ಯಾಂ ಹೇಳುವ ತುಂಬುವವರು ಬದುಕಿರುವವರೆಗೆ ಮಾತ್ರ ಈ ಮಾತು ಸಲ್ಲುತ್ತದೆ. ಅವರು ತೀರಿಕೊಂಡ ಮೇಲೆ ಚಿತ್ರದ ಎಡೆಗಳು ಬರಿಯ ಎಡೆಗಳಾಗಿ ಉಳಿಯುತ್ತವೆ. ವಿಮರ್ಶಕನ ಹೊಣೆ ಆರಂಭವಾಗುವುದು ಅಲ್ಲಿಂದ.

ಆ ಹೊಣೆಯನ್ನು ಕಲಾವಿದರು ಹೇಗೆ ನಿರ್ವಹಿಸಿದ್ದಾರೆಂಬುದನ್ನು ಮೂರು ಕೃತಿಗಳಿಂದ ಪರಿಶೀಲಿಸಬಹುದು.

ಕೆನಡದ ಆಟಮ್ ಇಗೋಯಾನನ ‘ಫ್ಯಾಮಿಲಿ ವ್ಯೂಯಿಂಗ್’ (೧೯೮೭) ಕಲ್ಪಿತ ಕಥಾಚಿತ್ರ. ತಂದೆಯೊಬ್ಬ ಮನೆಯ ಹಳೆಯ ಟೇಪುಗಳ ಮೇಲೆ ತನ್ನ ಕಾಮಜೀವನದ ದೃಶ್ಯಗಳನ್ನು ದಾಖಲಿಸಿಕೊಳ್ಳುತ್ತ ಬರುತ್ತಾನೆ. ಅಗಲಿಹೋದ ಆರ್ಮೀನಿಯನ್ ತಾಯಿಯೂ ಅಜ್ಜಿಯೂ ತನ್ನ ಬಾಲ್ಯವೂ ಆ ಟೇಪುಗಳಲ್ಲಿ ಅಳಿಸಿಹೋಗುತ್ತಿರುವುದನ್ನು ಕಂಡ ಮಗ ಅವುಗಳನ್ನು ಕಾಪಾಡಲು ಹೊರಡುತ್ತಾನೆ. ಅಳಿಸಿಹೋಗುವುದು ಬರಿಯ ಮುಖಗಳಲ್ಲ, ಆ ಹುಡುಗ ಎಳವೆಯಲ್ಲಿ ಆಡುತ್ತಿದ್ದ ತಾಯಿನುಡಿ. ಟೇಪಿನ ಮರುಬಳಕೆಯೆಂಬ ಅತಿ ಸಾಮಾನ್ಯ ಗೃಹಕೃತ್ಯವನ್ನು ಒಂದು ನೈತಿಕ ಘಟನೆಯನ್ನಾಗಿ ಕಂಡದ್ದು ಈ ಕೃತಿಯ ಹಿರಿಮೆ. ಪರದೇಶಗಳಿಗೆ ಹೋಗಿ ನೆಲಸಿದ ಕನ್ನಡ ಕುಟುಂಬಗಳಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಹಂಗೆರಿಯ ಪೀಟರ್ ಫೊರ್ಗಾಚ್ ಬೇರೆ ಮಾರ್ಗದವನು. ಅವನ ಸಾಮಗ್ರಿ ವಿಡಿಯೊ ಅಲ್ಲ, ಅದಕ್ಕೆ ಹಿಂದಿನ ತಲೆಮಾರಿನ ಮನೆಯ ಫಿಲ್ಮು. ಆದರೆ ಸಮಸ್ಯೆ ಒಂದೇ. ಬುಡಾಪೆಸ್ಟಿನಲ್ಲಿ ೧೯೮೩ರಲ್ಲಿ ಖಾಸಗಿ ಚಿತ್ರಗಳ ಸಂಗ್ರಹವೊಂದನ್ನು ಸ್ಥಾಪಿಸಿ, ಅದರಿಂದ ‘ಖಾಸಗಿ ಹಂಗೆರಿ’ ಎಂಬ ಮಾಲೆಯನ್ನು ಅವನು ರಚಿಸಿದನು. ೧೯೯೭ರ ‘ದ ಮೇಲ್‌ಸ್ಟ್ರಮ್’ ಹಾಲೆಂಡಿನ ಪೇರೆಬೋಮ್ ಎಂಬ ಯೆಹೂದಿ ಕುಟುಂಬದ ಚಿತ್ರಗಳಿಂದ ಆದದ್ದು. ಮದುವೆ, ಮಕ್ಕಳು, ಕಡಲತೀರದ ವಿಹಾರ ಎಲ್ಲ ಕಳೆದು, ಕಡೆಗೆ ಮನೆಯವರು ಮೇಜಿನ ಸುತ್ತ ಕುಳಿತು ಪ್ರಯಾಣಕ್ಕೆ ಬಟ್ಟೆಬರೆಗಳನ್ನು ಸಿದ್ಧಪಡಿಸುವುದು ಕಾಣುತ್ತದೆ. ಆ ಪ್ರಯಾಣ ಆಶ್ವಿಟ್ಸಿಗೆಂದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಕ್ಯಾಮೆರಾದ ಮುಂದೆ ಎಂದಿನಂತೆ ನಡೆದ ಒಂದು ಸಂಜೆ ಇಷ್ಟು ಭಾರವನ್ನು ಹೊತ್ತುಕೊಂಡಿರುವುದು, ಅದನ್ನು ತೆಗೆದವನಿಗೆ ಕಲೆಯ ಉದ್ದೇಶವೇ ಇಲ್ಲದಿದ್ದುದರಿಂದ. ಅಂದು ಯಾರಾದರೂ ಒಳ್ಳೆಯ ಭಾಗವನ್ನು ಆರಿಸಿದ್ದರೆ ಮದುವೆ ಉಳಿಯುತ್ತಿತ್ತು. ಬಟ್ಟೆ ಹೊಲಿಯುವ ಸಂಜೆ ಹೋಗುತ್ತಿತ್ತು. ಫೊರ್ಗಾಚ್ ಸಹ ಚಿತ್ರಗಳನ್ನು ನಿಧಾನಗೊಳಿಸಿ, ಸಂಗೀತವನ್ನೂ ಬರಹವನ್ನೂ ಸೇರಿಸುತ್ತಾನಲ್ಲವೆ ಎಂದು ಕೇಳಬಹುದು. ಸೇರಿಸುತ್ತಾನೆ, ನಿಜ, ಆದರೆ ಅದು ಭಾಷ್ಯವೆಂದು ತೋರುವಂತೆ ಸೇರಿಸುತ್ತಾನೆ. ಭಾಷ್ಯಕಾರ ಮೂಲವನ್ನು ಸುಡುವುದಿಲ್ಲ.

ಮೂರನೆಯದು ಹಾರುನ್ ಫಾರೊಕಿ ಮತ್ತು ಆಂದ್ರೆ ಊಜಿಕಾ ಕೂಡಿ ಮಾಡಿದ ‘ವಿಡಿಯೊಗ್ರಾಮ್ಸ್ ಆಫ್ ಎ ರೆವಲ್ಯೂಷನ್’ (೧೯೯೨). ೧೯೮೯ರ ಡಿಸೆಂಬರಿನಲ್ಲಿ ರುಮೇನಿಯದಲ್ಲಿ ನಡೆದ ಕ್ರಾಂತಿಯನ್ನು ಇದು ಸರ್ಕಾರಿ ದೂರದರ್ಶನದ ಚಿತ್ರಗಳಿಂದಲೂ ಸಾಮಾನ್ಯ ನಾಗರಿಕರು ತಮ್ಮ ವಿಡಿಯೊ ಕ್ಯಾಮೆರಾಗಳಲ್ಲಿ ಹಿಡಿದ ಚಿತ್ರಗಳಿಂದಲೂ ಕಟ್ಟಿಕೊಡುತ್ತದೆ. ನಾಗರಿಕರ ಚಿತ್ರ ನಡುಗುತ್ತದೆ, ದೂರದ್ದಾಗಿರುತ್ತದೆ. ನಿರ್ದೇಶಕರು ಈ ದೋಷಗಳನ್ನು ಮರೆಸುವುದಿಲ್ಲ. ಕ್ಯಾಮೆರಾ ಎಲ್ಲಿ ನಿಂತಿತ್ತು, ಏಕೆ ಅಷ್ಟು ದೂರದಲ್ಲಿ ನಿಂತಿತ್ತು ಎಂದು ಆ ದೋಷವನ್ನೇ ಓದುತ್ತಾರೆ. ತ್ರುಟಿತ ಭಾಗವನ್ನು ಊಹೆಯಿಂದ ತುಂಬದೆ, ತ್ರುಟಿತವೆಂದೇ ಗುರುತಿಸಿ, ಅದರ ಕಾರಣವನ್ನು ವಿವರಿಸುವ ಉತ್ತಮ ಸಂಪಾದಕನ ಮಾರ್ಗವೇ ಇದು. ನನ್ನ ದೃಷ್ಟಿಯಲ್ಲಿ ಮೂರು ಕೃತಿಗಳಲ್ಲಿ ಮನೆಯ ಟೇಪನ್ನು ಓದುವ ಕ್ರಮವನ್ನು ನಮಗೆ ಕಲಿಸುವುದು ಇದೇ.

ಕತ್ತರಿಯ ಅಪಾಯಕ್ಕೆ ನ್ಯಾಯಾಲಯದಿಂದಲೂ ಒಂದು ನಿದರ್ಶನವುಂಟು. ೧೯೯೧ರ ಮಾರ್ಚ್ ೩ರಂದು ಲಾಸ್ ಏಂಜಲೀಸಿನಲ್ಲಿ ರಾಡ್ನಿ ಕಿಂಗ್ ಎಂಬ ಕರಿಯನನ್ನು ಪೊಲೀಸರು ಹೊಡೆಯುತ್ತಿದ್ದುದನ್ನು ಜಾರ್ಜ್ ಹಾಲಿಡೇ ಎಂಬಾತ ತನ್ನ ಮನೆಯ ಬಾಲ್ಕನಿಯಿಂದ ಕೈಕ್ಯಾಮೆರಾದಲ್ಲಿ ಹಿಡಿದನು. ಪ್ರಸಾರದಲ್ಲಿ ಜನ ಬಹುವಾಗಿ ನೋಡಿದ ಪಾಠದಲ್ಲಿ ಆರಂಭದ ಕೆಲವು ಮಸುಕಾದ ಸೆಕೆಂಡುಗಳು ಇರಲಿಲ್ಲ. ವಿಚಾರಣೆಯಲ್ಲಿ ಆ ಸೆಕೆಂಡುಗಳ ಮೇಲೆಯೇ ಪ್ರತಿವಾದಿಗಳ ವಕೀಲರು ಭಾರ ಹಾಕಿದರು. ಉಳಿದುದನ್ನು ಒಂದೊಂದು ಚೌಕಟ್ಟಾಗಿ ನಿಲ್ಲಿಸಿ ತಮಗೆ ಬೇಕಾದ ಅರ್ಥವನ್ನು ಹೇಳಿದರು. ೧೯೯೨ರ ಏಪ್ರಿಲ್ ೨೯ರಂದು ಪೊಲೀಸರು ಬಹುಮಟ್ಟಿಗೆ ದೋಷಮುಕ್ತರಾದರು. ನಗರ ಹತ್ತಿ ಉರಿಯಿತು. ಹೊಡೆತದ ಸತ್ಯವನ್ನು ಆ ಮಸುಕು ಸೆಕೆಂಡುಗಳು ಅಳಿಸುವುದಿಲ್ಲ. ಆದರೆ ಅವುಗಳನ್ನು ಮೊದಲೇ ತೋರಿಸಿದ್ದರೆ, ಬಚ್ಚಿಟ್ಟದ್ದನ್ನು ಬಯಲಿಗೆಳೆದೆವೆಂಬ ಅನುಕೂಲ ಎದುರಾಳಿಗೆ ದೊರೆಯುತ್ತಿರಲಿಲ್ಲ. ಬೇಡವೆಂದು ಬಿಟ್ಟ ಭಾಗ ಯಾವಾಗ ಬೇಕಾಗುವುದೋ ಕತ್ತರಿಸುವವನಿಗೆ ತಿಳಿಯದು.

೫

ಇವೆಲ್ಲ ದೊಡ್ಡ ಘಟನೆಗಳು. ನಮ್ಮ ಮನೆಗಳ ಉಪನಯನ, ಸೀಮಂತ, ಗೃಹಪ್ರವೇಶಗಳ ಟೇಪಿನಲ್ಲಿ ಅಂಥದೇನಿದೆ ಎಂದು ಪ್ರಶ್ನೆ ಬರಬಹುದು. ಕನ್ನಡ ವಿದ್ಯಾರ್ಥಿಗೆ ಅಲ್ಲಿರುವ ಮುಖ್ಯವಾದ ಸಂಪತ್ತು ಕಣ್ಣಿನದಲ್ಲ, ಕಿವಿಯದು.

ಕ್ಯಾಮೆರಾದ ಕಣ್ಣಿಗೆ ಚೌಕಟ್ಟುಂಟು, ಅದರ ಕಿವಿಗಿಲ್ಲ. ವಿಡಿಯೊದವನ ಪ್ರಖರವಾದ ದೀಪ ತಮ್ಮ ಮೇಲೆ ಬಿದ್ದೊಡನೆ ಜನ ಮಾತು ನಿಲ್ಲಿಸಿ, ಸೆರಗು ಸರಿಪಡಿಸಿಕೊಂಡು, ಬೊಂಬೆಗಳಾಗುತ್ತಾರೆ. ದೀಪ ಪಕ್ಕಕ್ಕೆ ಸರಿದೊಡನೆ ಮತ್ತೆ ಮಾತು ಹೊರಡುತ್ತದೆ: ಅಡಿಗೆಯವರಿಗೆ ಕೊಡುವ ಆಜ್ಞೆ, ಬೀಗರನ್ನು ಕುರಿತ ಚೇಷ್ಟೆ, ಮಗುವನ್ನು ರಮಿಸುವ ಮಾತು, ಮುಯ್ಯಿಯ ಲೆಕ್ಕ. ಮೈಕಿಗೆ ಇದೆಲ್ಲ ಕೇಳಿಸುತ್ತಲೇ ಇರುತ್ತದೆ. ಉಪಭಾಷೆಗಳನ್ನು ಸಂಗ್ರಹಿಸುವ ಸಂಶೋಧಕ ಪ್ರಶ್ನಾವಳಿಯೊಡನೆ ಹೋದಾಗ ಮಾತನಾಡುವವನು ತನ್ನ ನುಡಿಯನ್ನು ತಿದ್ದಿಕೊಳ್ಳುತ್ತಾನೆಂಬುದು ಕ್ಷೇತ್ರಕಾರ್ಯದ ಹಳೆಯ ಕಷ್ಟ. ಚೌಕಟ್ಟಿನ ಹೊರಗಣ ಈ ದನಿಗಳಿಗೆ ಆ ಎಚ್ಚರವಿಲ್ಲ. ೧೯೮೦ರ, ೧೯೯೦ರ ದಶಕಗಳಲ್ಲಿ ಎಪ್ಪತ್ತು ವರ್ಷ ದಾಟಿದ್ದ ಹೆಂಗಸೊಬ್ಬಳ ಒಳಮನೆಯ ಕನ್ನಡ, ಅವಳ ಸಂಬೋಧನೆಗಳು, ಗಾದೆಗಳು, ಬೈಗುಳಗಳು, ಸೋಬಾನೆಯ ಧಾಟಿ ಬೇರೆಲ್ಲಿಯೂ ದಾಖಲಾಗದೆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ ಉಳಿದಿರುವುದು ಅಸಂಭವವೇನೂ ಅಲ್ಲ. ಬೇಸರದ ಭಾಗವೆಂದು ಮೊದಲು ಕತ್ತರಿಗೆ ಸಿಕ್ಕುವುದೂ ಇದೇ: ಚಿತ್ರದಲ್ಲಿ ಖಾಲಿ ಕುರ್ಚಿಗಳ ಸಾಲು, ಹಿಂದಿನಿಂದ ಯಾರದೋ ಮಾತು.

ಟೇಪನ್ನು ತೆಗೆದವನ ವಿಷಯವೂ ಹೀಗೆಯೇ. ಮನೆಯವರೇ ಹಿಡಿದ ಟೇಪಿನಲ್ಲಿ ಕ್ಯಾಮೆರಾ ಹಿಡಿದ ತಂದೆ ಎಂದೂ ಕಾಣಿಸಿಕೊಳ್ಳುವುದಿಲ್ಲ. ಆದರೆ ಎಲ್ಲರಿಗಿಂತ ಹತ್ತಿರದಿಂದ ಕೇಳಿಸುವ ದನಿ ಅವನದೇ. ಸಂಗೀತವನ್ನು ಹೊದಿಸಿದರೆ ಅವನು ಪೂರ್ಣವಾಗಿ ಇಲ್ಲವಾಗುತ್ತಾನೆ.

ಪರದೇಶದ ಕನ್ನಡಿಗರ ಟೇಪುಗಳಿಗೆ ಇನ್ನೊಂದು ತೊಡಕುಂಟು. ಅಮೆರಿಕದಲ್ಲಿ ರೂಢಿಯಲ್ಲಿದ್ದ ಎನ್.ಟಿ.ಎಸ್.ಸಿ. ಪದ್ಧತಿಯ ಚಿತ್ರಕ್ಕೆ ೫೨೫ ಗೆರೆಗಳು. ಭಾರತದ ಪಾಲ್ ಪದ್ಧತಿಗೆ ೬೨೫. ಮಗ ಅಲ್ಲಿಂದ ಕಳುಹಿಸಿದ ಮೊಮ್ಮಗುವಿನ ಟೇಪನ್ನು ಇಲ್ಲಿಯ ಸಾಮಾನ್ಯ ಯಂತ್ರಕ್ಕೆ ಹಾಕಿದರೆ ಉರುಳುವ ಪಟ್ಟಿಗಳಲ್ಲದೆ ಮತ್ತೇನೂ ಕಾಣದು. ಒಮ್ಮೆಯೂ ನೋಡದೆ ಕೆಟ್ಟದ್ದೆಂದು ಬದಿಗಿಟ್ಟ ಇಂಥ ಟೇಪುಗಳು ಕೆಟ್ಟಿಲ್ಲದಿರಬಹುದು. ಎರಡು ಪದ್ಧತಿಗಳನ್ನೂ ಓದಬಲ್ಲ ಯಂತ್ರ ದೊರೆಯುವವರೆಗೆ ಅವುಗಳನ್ನು ಎಸೆಯಲಾಗದು.

೬

ಈ ವಾದಕ್ಕೆ ಎರಡು ಆಕ್ಷೇಪಗಳು ಏಳಬಹುದು. ಎಲ್ಲವನ್ನೂ ಉಳಿಸುವುದೆಂದರೆ ಯಾವುದನ್ನೂ ಓದದಿರುವುದೇ ಅಲ್ಲವೆ, ರಾಶಿಯೊಳಗೆ ಕಾಳು ಹುಡುಕುವವರು ಯಾರು, ಎಂಬುದು ಒಂದು. ಆಯ್ಕೆ ಬೇಡವೆಂದು ನಾನು ಹೇಳುತ್ತಿಲ್ಲ. ಆಯ್ಕೆ ಎರಡನೆಯ ಕಾರ್ಯ, ಪ್ರತಿ ಮಾಡಿಕೊಳ್ಳುವುದು ಮೊದಲನೆಯ ಕಾರ್ಯ ಎಂದಷ್ಟೇ ಹೇಳುತ್ತಿದ್ದೇನೆ. ಮನೆಯವರು ಹಬ್ಬದ ದಿನ ನೋಡಲು ಹತ್ತು ನಿಮಿಷದ ಚಿತ್ರವನ್ನು ಧಾರಾಳವಾಗಿ ಮಾಡಿಕೊಳ್ಳಲಿ. ಜನಪ್ರಿಯ ಸಂಗ್ರಹವಿದೆಯೆಂದು ಮೂಲಕಾವ್ಯದ ಹಸ್ತಪ್ರತಿಯನ್ನು ಹೊಳೆಗೆ ಎಸೆಯುವುದುಂಟೆ?

ಎರಡನೆಯ ಆಕ್ಷೇಪ ಹೆಚ್ಚು ತೂಕವುಳ್ಳದ್ದು. ಟೇಪಿನಲ್ಲಿರುವವರು ವಿದ್ವಾಂಸರ ಪರಿಶೀಲನೆಗೆಂದು ಮಾತನಾಡಲಿಲ್ಲ. ಮಾತಿಗೆ ದಾಖಲೆಯಾಗುವ ಅರಿವಿಲ್ಲದಿದ್ದುದೇ ಅದರ ಬೆಲೆಯೆಂದು ಈಗತಾನೆ ಹೇಳಿದೆವು. ಆ ಬೆಲೆಯೇ ಅನ್ಯಾಯಕ್ಕೂ ದಾರಿ. ಅಳುತ್ತಿರುವ ವಧು, ಸ್ನಾನ ಮಾಡಿಸಿಕೊಳ್ಳುವ ಮಗು, ಮನೆಯ ಜಗಳದ ಒಂದು ತುಣುಕು ಇವುಗಳನ್ನು ಸಾರ್ವಜನಿಕರ ಮುಂದೆ ಹರಡುವ ಅಧಿಕಾರ ಕ್ಯಾಸೆಟ್ಟಿನ ಒಡೆಯನಿಗೂ ಇಲ್ಲ. ರಕ್ಷಣೆ ಬೇರೆ, ಪ್ರಕಟಣೆ ಬೇರೆ. ಉಳಿಸಿದ ಟೇಪನ್ನು ಮುಚ್ಚಿಡಬಹುದು, ಇಂತಿಷ್ಟು ವರ್ಷ ತೆರೆಯಬಾರದೆಂದು ಬರೆದಿಡಬಹುದು. ನಾಶವಾದದ್ದನ್ನು ತೆರೆಯುವ ಉಪಾಯವಿಲ್ಲ. ಅಂತರಜಾಲಕ್ಕೆ ಏರಿಸಿಬಿಟ್ಟರೆ ರಕ್ಷಿಸಿದಂತಾಯಿತೆಂಬ ಭಾವನೆ ಎರಡು ಬಗೆಯಲ್ಲಿಯೂ ತಪ್ಪು: ಅಲ್ಲಿ ಚಿತ್ರ ಸಂಕುಚಿತವಾಗಿ ಗುಣ ಕಳೆದುಕೊಳ್ಳುತ್ತದೆ, ಮರ್ಯಾದೆಯ ಎಲ್ಲೆಯೂ ಅಳಿಯುತ್ತದೆ.

೭

ಹಾಗಾದರೆ ಮಾಡತಕ್ಕದ್ದೇನು? ಮೊದಲು ಕ್ಯಾಸೆಟ್ಟಿನ ಬೆನ್ನಿನ ತುಂಡನ್ನು ಮುರಿದು, ಅದರ ಮೇಲೆ ಇನ್ನಾರೂ ದಾಖಲಿಸದಂತೆ ಮಾಡಬೇಕು. ಹೊದಿಕೆಯ ಮೇಲಣ ಕೈಬರಹ ಎಷ್ಟೇ ಅಸ್ಪಷ್ಟವಾಗಿರಲಿ, ಅದನ್ನು ಇದ್ದಂತೆಯೇ ನಕಲು ಮಾಡಿಕೊಳ್ಳಬೇಕು. ಟೇಪುಗಳನ್ನು ಪುಸ್ತಕಗಳಂತೆ ನಿಲ್ಲಿಸಿ, ತಂಪಾದ ಒಣಜಾಗದಲ್ಲಿ, ಧ್ವನಿವರ್ಧಕ ಮೊದಲಾದ ಕಾಂತವಸ್ತುಗಳಿಂದ ದೂರ ಇಡಬೇಕು. ಬೂಷ್ಟು ಹಿಡಿದುದನ್ನು ಬೇರ್ಪಡಿಸಿ ಬಲ್ಲವರ ಕೈಗೆ ಕೊಡಬೇಕು.

ಬಳಿಕ ಪ್ರತಿ ಮಾಡುವ ಕೆಲಸ. ದುರಸ್ತಾದ ಯಂತ್ರದಲ್ಲಿ, ಆದಿಯಿಂದ ಅಂತ್ಯದವರೆಗೆ, ಕತ್ತರಿಯಿಲ್ಲದೆ, ಬಣ್ಣ ಬೆಳಕುಗಳ ತಿದ್ದುಪಡಿಯಿಲ್ಲದೆ, ಟೇಪಿನಿಂದ ಟೇಪಿಗಲ್ಲ, ನೇರವಾಗಿ ಅಂಕೀಯ ಕಡತಕ್ಕೆ ಇಳಿಸಬೇಕು. ಟೇಪಿನಿಂದ ಟೇಪಿಗೆ ಇಳಿಸಿದರೆ ಪ್ರತಿಯೊಂದು ತಲೆಮಾರಿಗೂ ಪಾಠ ಮಸುಕಾಗುತ್ತದೆ. ಅಂಕೀಯ ಕಡತಕ್ಕೆ ಆ ದೋಷವಿಲ್ಲ. ಮಿನಿ-ಡಿ.ವಿ. ಟೇಪು ಮೊದಲೇ ಅಂಕೀಯವಾದುದರಿಂದ ಅದನ್ನು ಫೈರ್‌ವೈರ್ ತಂತಿಯ ಮೂಲಕ ಇದ್ದಕ್ಕಿದ್ದಂತೆ ನಕಲು ಮಾಡಬಹುದು. ಕಡತದ ಪ್ರತಿಗಳು ಮೂರಿರಲಿ, ಒಂದು ಬೇರೆ ಊರಿನಲ್ಲಿರಲಿ. ಕೆಲವು ವರ್ಷಗಳಿಗೊಮ್ಮೆ ತೆರೆದು ಪರೀಕ್ಷಿಸಲಿ. ಮನೆಯಲ್ಲಿ ಬರೆದ ಡಿ.ವಿ.ಡಿ. ಚಿರಸ್ಥಾಯಿಯೆಂದು ನಂಬಬಾರದು. ಇಷ್ಟಾದ ಮೇಲೆಯೂ ಮೂಲಟೇಪನ್ನು ಎಸೆಯಬಾರದು. ನಾಳೆ ಇನ್ನೂ ಚೆನ್ನಾಗಿ ಓದಬಲ್ಲವರು ಬಂದಾರು.

ಮೂರನೆಯ ಕೆಲಸವೇ ಎಲ್ಲಕ್ಕಿಂತ ಅವಸರದ್ದು. ಅದಕ್ಕೆ ಖರ್ಚೂ ಇಲ್ಲ. ಚಿತ್ರದಲ್ಲಿರುವವರನ್ನು ಗುರುತಿಸಬಲ್ಲ ಹಿರಿಯರ ಪಕ್ಕದಲ್ಲಿ ಕುಳಿತು, ಇಷ್ಟನೆಯ ನಿಮಿಷದಲ್ಲಿ ಬರುವವರು ಯಾರು, ಯಾವ ಊರು, ಏನು ಬಾಂಧವ್ಯ, ಹಾಡುತ್ತಿರುವ ಪದ ಯಾವುದು, ಚೌಕಟ್ಟಿನ ಹೊರಗಿನಿಂದ ಕೇಳುವ ದನಿ ಯಾರದು ಎಂದು ಬರೆದುಕೊಳ್ಳಬೇಕು. ಹಾಡು ಅಡಗಿಹೋದ ಕಡೆ, ತುಟಿಯ ಚಲನೆಯನ್ನು ನೋಡಿ ಆ ಪದವನ್ನು ಹೇಳಬಲ್ಲವರು ಇನ್ನೂ ಇದ್ದಾರು. ಅವರಿಂದ ಹಾಡಿಸಿ ಬೇರೆಯಾಗಿ ದಾಖಲಿಸಿ, ಪುನಾರಚಿತ ಪಾಠವೆಂದು ಸ್ಪಷ್ಟವಾಗಿ ಹೆಸರಿಟ್ಟು, ಟೇಪಿನ ಕಡತದ ಜೊತೆಗೆ ಇಡಬಹುದು. ಟೇಪು ಇನ್ನೂ ಕೆಲವು ವರ್ಷ ತಾಳಬಹುದು. ಟೀಕೆ ಹೇಳಬಲ್ಲವರ ಆಯುಷ್ಯಕ್ಕೆ ಅಷ್ಟು ಭರವಸೆಯಿಲ್ಲ.

ಓಲೆಗರಿಗಳನ್ನು ಸಂಗ್ರಹಿಸಲು ಹಿಂದಿನ ತಲೆಮಾರಿನವರು ಹಳ್ಳಿಹಳ್ಳಿ ಸುತ್ತಿದರು. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ೧೯೦೫ರಲ್ಲಿ ಬಂದ ಓಲೆಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ದೊರೆತು, ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಅದನ್ನು ಪ್ರಕಟಿಸಿದರು. ಪ್ರತಿಯೊಂದು ಮದುವೆಯ ಕ್ಯಾಸೆಟ್ಟಿನಲ್ಲಿಯೂ ಅರ್ಥಶಾಸ್ತ್ರವಿರುವುದೆಂದು ಯಾರೂ ಹೇಳರು. ಆದರೆ ಆ ಕಟ್ಟಿನಲ್ಲಿ ಏನಿದೆಯೆಂದು ಓದುವುದಕ್ಕೆ ಮುಂಚೆ ಅದನ್ನು ಉಳಿಸಿಕೊಂಡವರು ಇದ್ದುದರಿಂದಲೇ ಓದುವವರಿಗೆ ಅದು ದಕ್ಕಿತೆಂಬುದನ್ನು ಮರೆಯಲಾಗದು. ನಮ್ಮ ಕಾಲೇಜುಗಳ ಕನ್ನಡ ವ್ಯಾಸಂಗ ವಿಭಾಗವೊಂದೊಂದೂ ದುರಸ್ತಾದ ಒಂದು ಯಂತ್ರವನ್ನು ಸಂಪಾದಿಸಿಕೊಂಡು, ವಿದ್ಯಾರ್ಥಿಯೊಬ್ಬೊಬ್ಬನಿಗೆ ತನ್ನ ಮನೆಯ ಒಂದು ಕ್ಯಾಸೆಟ್ಟನ್ನು ಒಪ್ಪಿಗೆ ಪಡೆದು ಪ್ರತಿ ಮಾಡಿ, ಹಿರಿಯರ ಬಾಯಿಂದ ಟಿಪ್ಪಣಿ ಬರೆಯುವ ಅಭ್ಯಾಸವನ್ನು ಕೊಡುವುದಾದರೆ, ಗ್ರಂಥಸಂಪಾದನೆಯ ಪಾಠವನ್ನು ಅವನು ಪುಸ್ತಕದಿಂದ ಕಲಿಯುವುದಕ್ಕಿಂತ ಚೆನ್ನಾಗಿ ಕಲಿಯುತ್ತಾನೆ. ಕನ್ನಡ ನುಡಿಯ ಚರಿತ್ರೆಗೆ ಬರಿದಾಗಲಿದ್ದ ಒಂದು ಪುಟವೂ ಉಳಿಯುತ್ತದೆ.